ಟಿವಿ ಸ್ಲೋ ಆಗ್ಯದ, ಆ್ಯಪ್ ಓಡವಲ್ದು: ಹೊಸಾದು ತಗೋಬೇಕೋ, ಸ್ಟಿಕ್ ಹಾಕ್ಬೇಕೋ, ಆ ‘ಲೈಫ್‌ಟೈಮ್ ಫ್ರೀ’ ಬಾಕ್ಸೋ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾವು ಸೇಡಂದವ್ರು. 2020ರ ದಸರಾಕ್ಕ 43 ಇಂಚಿಂದು ಸ್ಮಾರ್ಟ್ ಟಿವಿ ತಗೊಂಡಿದ್ವಿ. ಪಿಕ್ಚರ್ ಇನ್ನೂ ಚಲೋನೇ ಅದ, ಆದ್ರ ಒಂದು ವರ್ಷದಿಂದ ಆನ್ ಮಾಡಿದ್ರ ಹೋಮ್ ಸ್ಕ್ರೀನ್ ಬರ್ಲಾಕೇ ಎರಡು ನಿಮಿಷ ಬೇಕು, ಯೂಟ್ಯೂಬ್ ನಡಬರಕ ಬಂದ್ ಆಗ್ತದ, ಒಂದು ಓಟಿಟಿ ಆ್ಯಪ್ ಅಂತೂ ‘ಈ ಡಿವೈಸ್‌ಗೆ ಇನ್ಮುಂದ ಸಪೋರ್ಟ್ ಇಲ್ಲ’ ಅಂತ ತೋರಿಸಿ ಕುಂತುಬಿಟ್ಟದ. ಅಂಗಡಿಯವ್ರು ಬೋರ್ಡ್ ಹೋಗ್ಯದ, ಹೊಸಾದು ತಗೋರಿ, ಹಳೇದಕ್ಕ ಎರಡು ಸಾವಿರ ಕೊಡ್ತೀವಿ ಅಂತಾರ. ನಮ್ಮ ಮೈದುನ ಹೈದರಾಬಾದ್‌ನಾಗ 3,500ಕ್ಕ ಒಂದು ಬಾಕ್ಸ್ ಸಿಗ್ತದ, ಎಲ್ಲಾ ಓಟಿಟಿ ಎಲ್ಲಾ ಚಾನಲ್ ಲೈಫ್‌ಟೈಮ್ ಫ್ರೀ, ತರ್ತೀನಿ ಅಂತಾನ. ಬೆಂಗಳೂರಾಗ ಇರೋ ಮಗಳು ಟಿವಿ ಹಿಂದ ಸಿಗಸೋ ಒಂದು ಸಣ್ಣ ಸ್ಟ್ರೀಮಿಂಗ್ ಸ್ಟಿಕ್ ಹಾಕ್ರಿ ಸಾಕು ಅಂತಾಳ. ನಮ್ಮ ಅತ್ತಿಯವ್ರಿಗೆ ಬ್ಯಾರೆ ಚಿಂತಿ, ಟಿವಿ ನಾವು ಮಾತಾಡಿದ್ದು ಕೇಳಿಸ್ಕೋತದಂತ ಯಾರೋ ಹೇಳ್ಯಾರ, ಮಾತಾಡೋ ಮುಂದ ಪ್ಲಗ್ ಕೀಳ್ತಾರ. ಮನಿ ಹಳೇದು, ಕಲ್ಲಿನ ಗ್ವಾಡಿ, ರೂಟರ್ ಹೊರಗ ಪಡಸಾಲ್ಯಾಗ ಅದ, ಟಿವಿ ಒಳಗ. ಕರೆಂಟೂ ಹೋಗಿ ಬಂದು ಮಾಡ್ತದ. ಯಾರ ಮಾತು ಕೇಳ್ಬೇಕ್ರಿ?

ಉತ್ತರ: ಅಕ್ಕಾರ, ನೀವು ಬರ್ದದ್ದು ಓದಿದ್ರ ನಿಮ್ಮ ಟಿವಿ ಹೋಗಿಲ್ರಿ, ಹೋಗಿದ್ದು ಟಿವಿ ಒಳಗಿನ ಕಂಪ್ಯೂಟರಿನ ತಾಕತ್ತು. ಈ ಎರಡು ಬ್ಯಾರೆ ಬ್ಯಾರೆ ಅಂತ ಯಾರೂ ಬಿಡಿಸಿ ಹೇಳಂಗಿಲ್ಲ, ಅದಕ್ಕೇ ಮನ್ಯಾಗ ಮೂರು ಮಂದಿ ಮೂರು ಮಾತು ಹೇಳ್ಲತ್ತಾರ. ಕಲಬುರಗಿ ಸುತ್ತಮುತ್ತ ಟಿವಿ ರಿಪೇರಿ, ಮನಿ ನೆಟ್‌ವರ್ಕ್ ಕೆಲಸ ಮಾಡಿ ನೋಡಿದ್ರಾಗ ಹೇಳ್ತೀನಿ, ‘ಸ್ಲೋ ಆಗ್ಯದ’ ಅಂತ ಬರೋ ಟಿವಿಗಳಾಗ ಭಾಳಷ್ಟರ ಪ್ಯಾನಲ್ ಗಟ್ಟಿನೇ ಇರ್ತದ.

ಟಿವಿ ಅಂದ್ರ ಒಂದು ಕಡಿ ಪ್ಯಾನಲ್, ಅದ್ರ ಹಿಂದ ಬೆಳಕು ಕೊಡೋ ಎಲ್‌ಇಡಿ ಪಟ್ಟಿ, ಪವರ್ ಸಪ್ಲೈ. ಇವು ಚಂದಾಗಿ ನೋಡ್ಕೊಂಡ್ರ ಏಳೆಂಟು ವರ್ಷ, ಕೆಲವು ಹತ್ತು ವರ್ಷಾನೂ ನಡೀತಾವ. ಇನ್ನೊಂದು ಕಡಿ ಸಣ್ಣ ಕಂಪ್ಯೂಟರ್, ಅಂದ್ರ ಪ್ರೊಸೆಸರ್, ರ‍್ಯಾಮ್ (ಓಡೋ ಆ್ಯಪ್‌ಗಳಿಗೆ ಬೇಕಾಗೋ ಮೆಮೊರಿ), ಸ್ಟೋರೇಜ್ (ಆ್ಯಪ್ ಇಡೋ ಜಾಗ), ಮ್ಯಾಲ ಆಂಡ್ರಾಯ್ಡ್ ಟಿವಿನೋ ಟೈಜೆನ್ನೋ ವೆಬ್‌ಒಎಸ್ಸೋ ಒಂದು ಸಾಫ್ಟ್‌ವೇರ್. ಬಾವ್ಯಾಗ ನೀರು ತುಂಬಿ ಅದ, ಮೋಟರ್ ಹಳೇದಾಗಿ ಎತ್ತವಲ್ದು, ಅದಕ್ಕ ಯಾರಾದ್ರೂ ಬಾವಿ ಮುಚ್ತಾರೇನ್ರಿ? ಮೋಟರ್ ಬದಲಿ ಮಾಡ್ತಾರ.

2020ರ ಸುಮಾರಿಗೆ ಬಂದ 43 ಇಂಚಿನ ಅಗ್ಗದ ಟಿವಿಗಳಾಗ ರ‍್ಯಾಮ್ 1 ಜಿಬಿ ಇಲ್ಲಾ 1.5 ಜಿಬಿ, ಸ್ಟೋರೇಜ್ 8 ಜಿಬಿ ಇರ್ತಿತ್ತು, ಆ 8ರಾಗ ಅರ್ಧಕ್ಕಿಂತ ಹೆಚ್ಚು ಸಿಸ್ಟಮ್ಮೇ ತಿಂತದ. ತಗೊಂಡಾಗ ಅದು ಸಾಕಾಗಿತ್ತು. ಆದ್ರ ಆ್ಯಪ್ ಮಾಡೋವ್ರು ಪ್ರತಿ ವರ್ಷ ಆ್ಯಪ್ ದಪ್ಪ ಮಾಡ್ಕೋತ ಹೋಗ್ತಾರ, ಹೋಮ್ ಸ್ಕ್ರೀನ್‌ನಾಗ ಜಾಹೀರಾತು, ಓಡೋ ವಿಡಿಯೋ ತುಂಬ್ತಾರ, ಟಿವಿ ರ‍್ಯಾಮ್ ಮಾತ್ರ ಅಷ್ಟೇ ಇರ್ತದ. ಯೂಟ್ಯೂಬ್ ನಡಬರಕ ಬಂದ್ ಆಗೋದು ಅದಕ್ಕೇ, ಮೆಮೊರಿ ಸಾಲದಾದಾಗ ಸಿಸ್ಟಮ್ ಆ್ಯಪನ್ನ ತಾನೇ ಮುಚ್ಚಿಬಿಡ್ತದ. ಬೋರ್ಡ್ ಸುಟ್ಟಿದ್ದಲ್ಲ.

ಇನ್ನ ‘ಸಪೋರ್ಟ್ ಇಲ್ಲ’ ಅನ್ನೋದು. ಇದು ನಿಮಗಷ್ಟೇ ಆಗಿದ್ದಲ್ರಿ, ಟಿವಿ ಕೆಟ್ಟದ್ದಕ್ಕೂ ಆಗಿದ್ದಲ್ಲ. 2015ರಾಗ ಯೂಟ್ಯೂಬ್ ತನ್ನ ಹಳೇ ವ್ಯವಸ್ಥೆ ಬಂದ್ ಮಾಡಿದಾಗ 2012ರ ಹಿಂದಿನ ಎಷ್ಟೋ ಟಿವಿಗಳಾಗ ಆ್ಯಪ್ ನಿಂತುಹೋತು. 2019ರ ಡಿಸೆಂಬರ್‌ದಾಗ ನೆಟ್‌ಫ್ಲಿಕ್ಸ್ 2010, 2011ರ ಕೆಲವು ಸ್ಯಾಮ್ಸಂಗ್ ಟಿವಿಗಳನ್ನ ಕೈಬಿಟ್ಟಿತು. ಇನ್ನೂ ಒಂದು ನೋಡ್ರಿ, 2025ರ ಮಾರ್ಚ್ 9ಕ್ಕ ಜಗತ್ತಿನ ತುಂಬ ಗೂಗಲ್‌ನವ್ರು ಟಿವಿಗೆ ಸಿಗಸ್ಲಾಕ ಮಾಡಿದ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಮ್ಮೆಲೇ ಕೆಲಸ ಬಿಟ್ವು, ಕಾರಣ ಏನಂದ್ರ ಒಳಗಿದ್ದ ಡಿಜಿಟಲ್ ಸರ್ಟಿಫಿಕೇಟಿನ (ಅಸಲಿ ಅಂತ ತೋರಿಸೋ ಗುರ್ತಿನ) ಹತ್ತು ವರ್ಷದ ಅವಧಿ ಮುಗೀತು, ಅಷ್ಟೇ. ಡಬ್ಬಿ ಹಂಗೇ ಗಟ್ಟಿ ಇತ್ತು. ಗೂಗಲ್‌ನವ್ರು ಕೆಲವು ದಿನದಾಗ ಅಪ್‌ಡೇಟ್ ಕಳಿಸಿ ಸರಿ ಮಾಡಿದ್ರು, ಯಾಕಂದ್ರ ಆ ಕಂಪನಿ ಇನ್ನೂ ಅದ್ರ ಜವಾಬ್ದಾರಿ ಹೊತ್ತಿತ್ತು. ಹೆಸರೇ ಕೇಳದ ಬ್ರ್ಯಾಂಡಿನ ಟಿವಿಗೆ ಹಂಗೇನಾದ್ರೂ ಆದ್ರ ಕೇಳೋವ್ರು ಯಾರೂ ಇರಂಗಿಲ್ಲ.

ಹೊಸಾ ಟಿವಿ ಮಾತು ಆಡೋಕಿಂತ ಮುಂಚೆ ಒಂದು ಟೆಸ್ಟ್ ಮಾಡ್ರಿ. ಡಿಶ್ ಬಾಕ್ಸೋ ಕೇಬಲ್ ಬಾಕ್ಸೋ ಎಚ್‌ಡಿಎಂಐ ವಯರ್‌ಲೆ (ಚಿತ್ರ, ಸೌಂಡ್ ಎರಡೂ ಒಯ್ಯೋ ವಯರ್) ಟಿವಿಗೆ ಹಚ್ಚಿ ಎರಡು ತಾಸು ಸುಮ್ಮ ಓಡಿಸ್ರಿ. ಚಿತ್ರ, ಸೌಂಡ್ ಎರಡೂ ಅಡ್ಡಿ ಇಲ್ಲದ ಬಂದ್ರ ಪ್ಯಾನಲ್, ಪವರ್ ಸಪ್ಲೈ, ಎಚ್‌ಡಿಎಂಐ ಪೋರ್ಟ್ ಮೂರೂ ಚಲೋ ಅದಾವ ಅಂತ ತಿಳೀತದ. ಅವಾಗ ಅಂಗಡಿಯವ್ರು ಹೇಳಿದ್ದು ನಂಬೋ ಕಾರಣ ಇಲ್ಲ. ಸ್ಕ್ರೀನ್ ಮ್ಯಾಲ ಉದ್ದಕ್ಕ ಗೆರಿ ಬಂದ್ರ, ಅರ್ಧ ಸ್ಕ್ರೀನ್ ಕಪ್ಪಾದ್ರ ಅದು ಪ್ಯಾನಲ್ ಮಾತು, ರಿಪೇರಿಗೆ ರೊಕ್ಕ ಹಾಕ್ಬ್ಯಾಡ್ರಿ. ಸೌಂಡ್ ಬಂದು ಚಿತ್ರ ಬರದಿದ್ರ ಕತ್ತಲ್ಯಾಗ ಸ್ಕ್ರೀನ್ ಹತ್ರ ಟಾರ್ಚ್ ಹಿಡಿದು ನೋಡ್ರಿ, ಮಬ್ಬ ಮಬ್ಬ ಚಿತ್ರ ಕಂಡ್ರ ಹಿಂದಿನ ಎಲ್‌ಇಡಿ ಪಟ್ಟಿ ಅಷ್ಟೇ ಹೋಗ್ಯದ, ಅದು ಬದಲಿ ಮಾಡ್ಲಾಕ ಬರ್ತದ, ಹೊಸಾ ಟಿವಿ ಮುಂದ ಖರ್ಚು ಭಾಳ ಕಮ್ಮಿ.

ಈಗ ಪುಕಟ ಮಾಡೋ ಕೆಲಸ. ರಿಮೋಟ್‌ಲೆ ಟಿವಿ ಬಂದ್ ಮಾಡಿದ್ರ ಅದು ಖರೇ ಬಂದ್ ಆಗಂಗಿಲ್ಲ, ಮಲಗಿರ್ತದ ಅಷ್ಟೇ, ತಿಂಗಳಾನುಗಟ್ಟಲೆ ಹಂಗೇ ಇದ್ರ ಮೆಮೊರಿ ತುಂಬಿ ಒದ್ದಾಡ್ತದ. ವಾರಕ್ಕೊಮ್ಮೆ ಪ್ಲಗ್ಗೇ ತಗದು ಒಂದು ನಿಮಿಷ ಬಿಟ್ಟು ಹಾಕ್ರಿ. ಆಮ್ಯಾಲ ಸೆಟ್ಟಿಂಗ್ಸ್‌ನಾಗ ಸ್ಟೋರೇಜ್ ನೋಡ್ರಿ, ನೂರಿನ್ನೂರು ಎಂಬಿ ಉಳಿದಿದ್ರ ಅದೇ ರೋಗ. ನೋಡದಿರೋ ಆ್ಯಪ್ ಎಲ್ಲಾ ತಗೀರಿ, ಗೇಮ್ ಗೀಮ್ ಇದ್ರ ತಗೀರಿ, ತಗೀಲಾಕ ಬರದಿದ್ದವನ್ನ ಡಿಸೇಬಲ್ ಮಾಡ್ರಿ, ಉಳಿದ ಆ್ಯಪ್‌ಗಳ ಕ್ಯಾಶ್ (ಜಮಾ ಆಗಿರೋ ತಾತ್ಕಾಲಿಕ ಡೇಟಾ) ಕ್ಲಿಯರ್ ಮಾಡ್ರಿ. ತಾರೀಖು, ಟೈಮ್ ಸರಿ ಅದ ಏನ್ ಅಂತಾನೂ ನೋಡ್ರಿ. ಕರೆಂಟ್ ಹೋಗಿ ಬಂದ ಮ್ಯಾಲ ಕೆಲವು ಟಿವಿಗಳಾಗ ತಾರೀಖು ಹಿಂದಕ್ಕ ಹೋಗಿರ್ತದ, ತಾರೀಖು ತಪ್ಪಿದ್ರ ಆ್ಯಪ್‌ಗಳು ಸರ್ವರಿನ ಸರ್ಟಿಫಿಕೇಟ್ ಒಪ್ಪಂಗಿಲ್ಲ, ‘ಇಂಟರ್ನೆಟ್ ಇಲ್ಲ’ ಅಂತ ತೋರಿಸ್ತಾವ, ಮಂದಿ ನೆಟ್‌ನವ್ರಿಗೆ ಫೋನ್ ಹಚ್ಚಿ ಜಗಳ ತಗೀತಾರ. ಟೈಮನ್ನ ನೆಟ್‌ವರ್ಕ್‌ನಿಂದ ತಾನೇ ತಗೊಳ್ಳೋ ಹಂಗ ಇಟ್ರ ಆ ತ್ರಾಸೇ ಇಲ್ಲ.

ಫ್ಯಾಕ್ಟರಿ ರೀಸೆಟ್, ಅಂದ್ರ ಎಲ್ಲಾ ಅಳಿಸಿ ಹೊಸಾದಿದ್ದಂಗ ಮಾಡ್ರಿ ಅಂತ ಯೂಟ್ಯೂಬ್‌ದಾಗ ಎಲ್ಲಾರೂ ಹೇಳ್ತಾರ. ನಾ ಇದನ್ನ ಕೊನೀಗೆ ಇಡ್ತೀನಿ. ಹಳೇ ಟಿವ್ಯಾಗ ಈಗ ಓಡ್ಲತ್ತಿರೋ ಆ್ಯಪ್ ರೀಸೆಟ್ ಆದ ಮ್ಯಾಲ ಸ್ಟೋರ್‌ದಾಗ ಸಿಗದೇ ಹೋಗಬಹುದು, ಇದ್ದದ್ದೂ ಹೋಗಿ ಕುಂದ್ರಬೇಕಾಗ್ತದ. ಮಾಡೋದೇ ಆದ್ರ ಜಿಮೇಲ್ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್ ಒಂದು ಚೀಟಿ ಮ್ಯಾಲ ಬರ್ಕೊಂಡು ಮಾಡ್ರಿ.

ನಿಮ್ಮ ಕಾಗದದಾಗ ಎಲ್ಲಾಕ್ಕಿಂತ ಮುಖ್ಯ ಮಾತು ನೀವು ಕಡೀಗೆ ಬರ್ದೀರಿ, ಕಲ್ಲಿನ ಗ್ವಾಡಿ. ಸೇಡಂ, ಚಿತ್ತಾಪುರ, ಶಹಾಬಾದ್ ಕಡಿ ಹಳೇ ಮನಿಗಳ ಗ್ವಾಡಿ ಏನ್ ಸಣ್ಣವಾ, ಎರಡು ಫುಟ್ ದಪ್ಪ, ಅಡ್ಡಡ್ಡ ಶಹಾಬಾದ್ ಕಲ್ಲು ಇಟ್ಟು ಕಟ್ಟಿದ್ದು, ಬೇಸಿಗ್ಯಾಗ ತಂಪು ಇರ್ತದ ಖರೇ ಆದ್ರ ವೈಫೈಗೆ ಅದು ಕೋಟೆ ಗ್ವಾಡಿ ಇದ್ದಂಗ. ರೂಟರ್ ಎರಡು ಥರದ ಸಿಗ್ನಲ್ ಬಿಡ್ತದ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5ರದ್ದು ಜೋರು ಆದ್ರ ಗ್ವಾಡಿ ದಾಟೋ ಶಕ್ತಿ ಕಮ್ಮಿ, 2.4ದ್ದು ಮೆತ್ತಗ ಆದ್ರ ದೂರ ಹೋಗ್ತದ. ಫೋನ್‌ದಾಗ ಸ್ಪೀಡ್ ಟೆಸ್ಟ್ ಮೊದಲು ರೂಟರ್ ಬಾಜೂಕ ನಿಂತು ಮಾಡ್ರಿ, ಆಮ್ಯಾಲ ಟಿವಿ ಮುಂದ ನಿಂತು, ಒಳಗಿನ ಬಾಗಿಲ ಮುಚ್ಚಿ ಮಾಡ್ರಿ. ಪಡಸಾಲ್ಯಾಗ 40 ಎಂಬಿಪಿಎಸ್ (ನೆಟ್ ಸ್ಪೀಡಿನ ಅಳತಿ) ತೋರಿಸಿದ್ದು ಒಳಗ 3, 4 ತೋರಿಸಿದ ಮನಿ ನಾ ನೋಡೀನಿ, ಆ ಮನ್ಯವ್ರು ಪ್ಲಾನ್ ಮ್ಯಾಲ ಪ್ಲಾನ್ ಏರಿಸ್ಕೋತ ಹೋಗಿದ್ರು. ಪ್ಲಾನ್ ಏರಿಸಿದ್ರ ಗ್ವಾಡಿ ತೆಳ್ಳಗ ಆಗಂಗಿಲ್ರಿ. ನೆಟ್‌ಫ್ಲಿಕ್ಸ್ ಲೆಕ್ಕದಾಗ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಬೇಕು, 4ಕೆ ಇದ್ರ 15 ಬೇಕು. ಅಂದ್ರ ನಿಮ್ಮ ಊರಾಗ ಸಿಗೋ ಸಣ್ಣ ಫೈಬರ್ ಪ್ಲಾನೂ ಸಾಕು, ಅದು ಟಿವಿ ತನಾ ಮುಟ್ಟಬೇಕು ಅಷ್ಟೇ.

ಮುಟ್ಟಿಸೋ ಎಲ್ಲಾಕ್ಕಿಂತ ಗಟ್ಟಿ ದಾರಿ ಲ್ಯಾನ್ ವಯರ್. ಕಿಟಕಿ ಚೌಕಟ್ಟಿನ ಬಾಜೂಕ ಸಣ್ಣ ತೂತು ಹೊಡೆದು ಕ್ಯಾಟ್ 6 ವಯರ್ ಒಂದು ಎಳದು ಟಿವಿ ಹಿಂದಿನ ಲ್ಯಾನ್ ಪೋರ್ಟಿಗೆ ಹಚ್ಚಿದ್ರ ವೈಫೈ ಗೊಡವೀನೇ ಇಲ್ಲ, ಟಿವಿಗಳ ಲ್ಯಾನ್ ಪೋರ್ಟ್ ಹೆಚ್ಚಾಗಿ 100 ಎಂಬಿಪಿಎಸ್‌ದ್ದೇ ಇರ್ತದ, 4ಕೆಗೂ ಅದು ಸಾಕು. ಒಳಗಿನ ಖೋಲ್ಯಾಗ ಅದೇ ವಯರ್ ತುದೀಗೆ ಒಂದು ಹಳೇ ರೂಟರ್ ಆ್ಯಕ್ಸೆಸ್ ಪಾಯಿಂಟ್ ಮಾಡಿ ಇಟ್ರ ಫೋನ್‌ಗಳಿಗೂ ಸಿಗ್ನಲ್ ಸಿಗ್ತದ, ಸ್ಟಿಕ್ಕಿಗೂ ಸಿಗ್ತದ. ವೈಫೈ ಸಿಗ್ನಲ್ ಮುಂದಕ್ಕ ದಾಟಿಸೋ, ವಯರ್ ಇಲ್ಲದ ಎಕ್ಸ್‌ಟೆಂಡರ್ ಹಾಕ್ತೀನಿ ಅಂದ್ರ ಹಾಕ್ರಿ, ಆದ್ರ ಅಗ್ಗದವು ಸ್ಪೀಡ್ ಅರ್ಧ ಮಾಡ್ತಾವ, ಕಲ್ಲಿನ ಗ್ವಾಡಿಗೆ ಮತ್ತ ಅದೇ ಕತಿ. ರೂಟರ್ ಕಬ್ಬಿಣದ ಅಲ್ಮಾರಿ ಹಿಂದ ಇಟ್ಟಿದ್ರ ಇವತ್ತೇ ಹೊರಗ ತಗೀರಿ.

ಇಷ್ಟೆಲ್ಲಾ ಮಾಡಿದ ಮ್ಯಾಲೂ ಹೋಮ್ ಸ್ಕ್ರೀನ್ ತಡಾ ಆದ್ರ, ಬೇಕಾದ ಆ್ಯಪ್ ಬರದಿದ್ರ, ನಿಮ್ಮ ಮಗಳ ಮಾತು ಸರಿ. ಸ್ಟಿಕ್ ಹಾಕಿದ್ರ ಟಿವಿ ಬರೇ ಪರದೆ ಆಗ್ತದ, ಕಂಪ್ಯೂಟರ್ ಕೆಲಸ ಸ್ಟಿಕ್ ಮಾಡ್ತದ, ನಾಕೈದು ವರ್ಷಕ್ಕ ಅದು ಹಳೇದಾದ್ರ ಅದನ್ನಷ್ಟೇ ಬದಲಿ ಮಾಡ್ರಿ. ಐದು ಸಾವಿರದ ಆಸುಪಾಸು ಬರ್ತದ, ಹಬ್ಬದ ಸೇಲ್‌ದಾಗ ಇನ್ನೂ ಕಮ್ಮಿ. ನಿಮ್ಮ ಟಿವಿ ಫುಲ್ ಎಚ್‌ಡಿ ಇದ್ರ ಫುಲ್ ಎಚ್‌ಡಿ ಸ್ಟಿಕ್ ಸಾಕು, 4ಕೆ ಸ್ಟಿಕ್ ಹಾಕಿದ್ರ ಚಿತ್ರ ಏನ್ ಬದಲಾಗಂಗಿಲ್ಲ, ಆದ್ರ ಪ್ರೊಸೆಸರ್ ಜೋರು ಇರೋ ಮಾಡೆಲ್ ಇದ್ರ ಆ ಕಾರಣಕ್ಕ ತಗೋಬಹುದು. ಅದಕ್ಕೂ ಮುಂಚೆ ನಿಮ್ಮ ಫೈಬರ್ ಕಂಪನಿಗೆ ಒಂದು ಮಾತು ಕೇಳ್ರಿ, ಜಿಯೋ, ಏರ್‌ಟೆಲ್‌ನವ್ರ ಕೆಲವು ಪ್ಲಾನ್ ಜೊತಿ ಆಂಡ್ರಾಯ್ಡ್ ಸೆಟ್‌ಟಾಪ್ ಬಾಕ್ಸೇ ಕೊಡ್ತಾರ, ಅದೂ ಇದೇ ಕೆಲಸ ಮಾಡ್ತದ, ಮ್ಯಾಲ ಲ್ಯಾನ್ ಪೋರ್ಟೂ ಇರ್ತದ. ಕನೆಕ್ಷನ್ ಬಿಟ್ಟಾಗ ವಾಪಸ್ ಕೊಡ್ಬೇಕಾ ಅಂತ ಅವಾಗ್ಲೇ ಕೇಳಿ ಇಟ್ಕೋರಿ.

ಸ್ಟಿಕ್ ಹಾಕೋ ಮುಂದ ಎಲ್ಲಾರೂ ತಪ್ಪೋದು ಒಂದೇ ಜಾಗದಾಗ, ಅದ್ರ ಕರೆಂಟ್ ವಯರನ್ನ ಟಿವಿ ಹಿಂದಿನ ಯುಎಸ್‌ಬಿ ಪೋರ್ಟಿಗೆ ಸಿಗಸ್ತಾರ. ನೋಡ್ಲಾಕ ನೀಟ್ ಕಾಣ್ತದ ಖರೇ, ಆದ್ರ ಸಾದಾ ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪಿಯರ್, ಸ್ಟಿಕ್ಕಿಗೆ ಬೇಕಾಗೋದು 1 ಆಂಪಿಯರ್ ಸುಮಾರು. ಅರ್ಧ ಹೊಟ್ಟ್ಯಾಗ ದುಡಿದಂಗ ಆಗಿ ಸಿನಿಮಾ ನಡಬರಕ ರೀಸ್ಟಾರ್ಟ್ ಆಗ್ತದ, ಅಪ್‌ಡೇಟ್ ಆಗೋ ಮುಂದ ಕರೆಂಟ್ ಸಾಲದೇ ಸಾಫ್ಟ್‌ವೇರೇ ಕೆಡಬಹುದು. ಡಬ್ಬ್ಯಾಗ ಬಂದ ಅಡಾಪ್ಟರ್ ಗ್ವಾಡಿ ಸಾಕೆಟ್ಟಿಗೆ ಹಾಕ್ರಿ. ಜೊತಿಗೆ ಒಂದು ಗೇಣಿನ ಎಚ್‌ಡಿಎಂಐ ಎಕ್ಸ್‌ಟೆಂಡರ್ ವಯರ್ ಬಂದಿದ್ರ ಅದನ್ನ ಡ್ರಾಯರ್‌ದಾಗ ಒಗೀಬ್ಯಾಡ್ರಿ, ಸ್ಟಿಕ್ ಟಿವಿ ಬೆನ್ನಿನ ಲೋಹದ ತಗಡಿಗೆ ಅಂಟ್ಕೊಂಡಿದ್ರ ವೈಫೈನೂ ಕಮ್ಮಿ ಸಿಗ್ತದ, ಕಾವೂ ಹೆಚ್ಚಾಗ್ತದ. ಏಪ್ರಿಲ್ ಮೇದಾಗ ನಮ್ಮ ಕಡಿ ಬಿಸಿಲು 42, 43 ದಾಟ್ತದ, ಗ್ವಾಡಿನೇ ಕಾದಿರ್ತದ, ಟಿವಿ ಬೆನ್ನಿಗೆ ಗಾಳಿ ಇಲ್ಲ, ಸ್ಟಿಕ್ ‘ಓವರ್‌ಹೀಟ್’ ಅಂತ ತೋರಿಸಿದ್ರ ಸ್ಟಿಕ್ ಖರಾಬ್ ಅಂತ ತಿಳ್ಕೋಬ್ಯಾಡ್ರಿ, ಆ ವಯರ್‌ಲೆ ಹೊರಗ ತೂಗಬಿಡ್ರಿ.

ಇನ್ನೊಂದು, ಟಿವಿ ಸೆಟ್ಟಿಂಗ್ಸ್‌ನಾಗ ಎಚ್‌ಡಿಎಂಐ ಸಿಇಸಿ ಅನ್ನೋದನ್ನ ಆನ್ ಮಾಡ್ರಿ, ಕಂಪನಿ ಪ್ರಕಾರ ಅದಕ್ಕ ಹೆಸರು ಬ್ಯಾರೆ ಇರ್ತದ, ಎನಿನೆಟ್, ಸಿಂಪ್‌ಲಿಂಕ್, ಬ್ರಾವಿಯಾ ಸಿಂಕ್ ಅಂತ. ಅದು ಆನ್ ಇದ್ರ ಸ್ಟಿಕ್ ರಿಮೋಟ್ ಒಂದರಲೇ ಟಿವಿನೂ ಆನ್ ಆಗ್ತದ. ನಿಮ್ಮ ಅತ್ತಿಯವ್ರ ಕೈಯಾಗ ಎರಡು ಮೂರು ರಿಮೋಟ್ ಕೊಟ್ಟು ತ್ರಾಸ ಕೊಡೋ ಕಾರಣ ಇಲ್ಲ.

ಆರೇಳು ನೂರಿಗೆ ಸಿಗೋ ಡಾಂಗಲ್ ಬ್ಯಾಡ್ರಿ. ಅವು ಫೋನಿನ ಸ್ಕ್ರೀನ್ ಟಿವಿ ಮ್ಯಾಲ ತೋರಿಸೋವು ಅಷ್ಟೇ, ರೊಕ್ಕ ಕೊಟ್ಟು ನೋಡೋ ಆ್ಯಪ್ ಹಚ್ಚಿದ್ರ ಕಾಪಿ ತಡಿಯೋ ಎಚ್‌ಡಿಸಿಪಿ ಲಾಕ್ ಬಿದ್ದು ಸೌಂಡ್ ಬಂದು ಚಿತ್ರ ಕಪ್ಪಗ ನಿಲ್ತದ.

ಈಗ ಮೈದುನನ ಬಾಕ್ಸ್. ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರ ಬೀದರ್, ಕಲಬುರಗಿ, ಯಾದಗಿರಿ ಮೂರೂ ಕಡಿ ಇದು ಮನಿ ಮನಿ ಸೇರ್ಲತ್ತದ ಮತ್ತ ಕೊಡೋವ್ರು ಹೆಚ್ಚಾಗಿ ನಮ್ಮವ್ರೇ, ಪ್ರೀತಿಲೇ ತಂದು ಕೊಡ್ತಾರ. ಎಲ್ಲಾ ಓಟಿಟಿ ಜೀವನಪೂರ್ತಿ ಫ್ರೀ ಅಂತ ಯಾವ ಕಂಪನಿನೂ ಕೊಟ್ಟಿಲ್ಲ, ಕೊಡ್ಲಾಕ ಸಾಧ್ಯನೂ ಇಲ್ಲ. ಆ ಬಾಕ್ಸ್‌ದಾಗ ಇರೋದು ಕ್ರ್ಯಾಕ್ ಮಾಡಿದ ಆ್ಯಪ್, ಇಲ್ಲಾ ಬ್ಯಾರೆಯವ್ರ ಕದ್ದ ಲಾಗಿನ್, ಇಲ್ಲಾ ಕದ್ದ ಚಾನಲ್‌ಗಳ ಲಿಂಕ್. ಎರಡು ಮೂರು ತಿಂಗಳಿಗೆ ಸರ್ವರ್ ಬಂದ್ ಆಗ್ತದ, ಮಾರಿದವ್ನ ಫೋನೂ ಬಂದ್ ಆಗ್ತದ, ಲೈಫ್‌ಟೈಮ್ ಅಂದ್ರ ಇಷ್ಟೇ.

ರೊಕ್ಕ ಹೋಗೋದು ಸಣ್ಣ ಮಾತು. ಆ ಬಾಕ್ಸ್ ಹೆಚ್ಚಾಗಿ ಗೂಗಲ್ ಸರ್ಟಿಫಿಕೇಟ್ ಇಲ್ಲದ ಆಂಡ್ರಾಯ್ಡ್ ಮ್ಯಾಲ ಓಡ್ತಾವ, ಒಳಗ ಏನ್ ಹಾಕ್ಯಾರ ಅಂತ ಯಾರೂ ಪರೀಕ್ಷೆ ಮಾಡಿರಂಗಿಲ್ಲ. 2023ರ ಜನವರ‍್ಯಾಗ ಟಿ95 ಅನ್ನೋ ಅಗ್ಗದ ಬಾಕ್ಸ್ ಡಬ್ಬಿ ಒಡೆದಾಗ್ಲೇ ಮಾಲ್‌ವೇರ್ (ಕೇಡು ಮಾಡೋ ಸಾಫ್ಟ್‌ವೇರ್) ಹಾಕ್ಕೊಂಡು ಬಂದದ ಅಂತ ಒಬ್ಬ ಸೆಕ್ಯೂರಿಟಿ ತಜ್ಞ ತೋರಿಸಿದ. ಅದೇ ವರ್ಷ ಹ್ಯೂಮನ್ ಸೆಕ್ಯೂರಿಟಿ ಅನ್ನೋ ಸಂಸ್ಥೆ ‘ಬ್ಯಾಡ್‌ಬಾಕ್ಸ್’ ಅಂತ ಹೆಸರಿಟ್ಟು ಇಂಥಾ ಜಾಲದ ವರದಿ ಕೊಟ್ಟಿತು. 2025ರ ಜೂನ್‌ದಾಗ ಅಮೆರಿಕದ ಎಫ್‌ಬಿಐ ಎಚ್ಚರಿಕೆ ಹೊರಡಿಸಿತು, ಜುಲೈದಾಗ ಗೂಗಲ್ ಕೋರ್ಟಿಗೆ ಹೋತು, ಆ ಕೇಸ್‌ನಾಗ ಹೇಳಿದ್ದು 1 ಕೋಟಿಗಿಂತ ಹೆಚ್ಚು ಇಂಥಾ ಡಿವೈಸ್‌ಗಳು ಜಾಲದಾಗ ಸಿಕ್ಕಾವ ಅಂತ.

ಸಿಕ್ಕ್ರ ಏನಾಗ್ತದ? ನೀವು ಸೀರಿಯಲ್ ನೋಡೋ ಮುಂದ ಹಿಂದಿನಿಂದ ಆ ಬಾಕ್ಸ್ ನಿಮ್ಮ ಮನಿ ಇಂಟರ್ನೆಟ್ಟನ್ನ ಯಾರಿಗೋ ಬಾಡಿಗಿ ಕೊಡ್ತದ. ಎಲ್ಲೋ ಕುಂತ ಕಳ್ಳ ನಿಮ್ಮ ಐಪಿ ವಿಳಾಸದಿಂದ (ನೆಟ್‌ನಾಗ ನಿಮ್ಮ ಕನೆಕ್ಷನ್ನಿನ ಗುರ್ತಿನ ನಂಬರ್) ಫೇಕ್ ಅಕೌಂಟ್ ತಗೀತಾನ, ಬ್ಯಾಂಕ್ ವೆಬ್‌ಸೈಟ್ ತಟ್ಟಿ ನೋಡ್ತಾನ, ಪೊಲೀಸರು ಹುಡ್ಕೋ ಮುಂದ ಸಿಗೋದು ನಿಮ್ಮ ಮನಿ ಕನೆಕ್ಷನ್. ಅದು ನಿಮ್ಮ ಫೋನ್‌ಪೇದಾಗಿನ ರೊಕ್ಕ ನೇರಾ ಕದೀತದ ಅಂತ ನಾ ಹೆದರ್ಸಂಗಿಲ್ಲ, ಆದ್ರ ನೀವು ಬ್ಯಾಂಕ್ ಕೆಲಸ ಮಾಡೋ ಫೋನ್ ಇರೋ ವೈಫೈದಾಗೇ ಇಂಥಾದ್ದೊಂದು ಕೂಡಿಸೋದು ನನಗಂತೂ ಒಪ್ಪಂಗಿಲ್ಲ, ನನ್ನ ಮನ್ಯಾಗ ಇಡಂಗಿಲ್ಲ, ನಿಮ್ಮ ಮನ್ಯಾಗೂ ಬ್ಯಾಡ್ರಿ.

ಚಿತ್ರನೂ ಚಲೋ ಬರಂಗಿಲ್ಲ ಮತ್ತ. ಅಸಲಿ ಡಿವೈಸ್‌ದಾಗ ವೈಡ್‌ವೈನ್ ಎಲ್1 ಅಂತ ಒಂದು ಭದ್ರತೆ ಇರ್ತದ, ಅದಿದ್ರನೇ ಓಟಿಟಿಯವ್ರು ಎಚ್‌ಡಿ, 4ಕೆ ಕೊಡ್ತಾರ. ಈ ಬಾಕ್ಸ್‌ಗಳಾಗ ಹೆಚ್ಚಾಗಿ ಎಲ್3 ಇರ್ತದ, ನೀವು ರೊಕ್ಕ ಕೊಟ್ಟು ಸಬ್‌ಸ್ಕ್ರಿಪ್ಷನ್ ತಗೊಂಡ್ರೂ ಮಬ್ಬ 480ಪಿ ಚಿತ್ರನೇ. ಬಾಕ್ಸ್ ಮ್ಯಾಲ ‘8ಕೆ’ ಅಂತ ದೊಡ್ಡ ಅಕ್ಷರದಾಗ ಬರ್ದಿದ್ರೂ ಅಷ್ಟೇ.

ಗುರ್ತು ಹಿಡಿಯೋದು ಕಷ್ಟಿಲ್ಲ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಾಗ ‘ಅಬೌಟ್’ ಕಡಿ ಹೋದ್ರ ಪ್ಲೇ ಪ್ರೊಟೆಕ್ಟ್ (ಗೂಗಲ್‌ನ ಭದ್ರತಾ ತಪಾಸಣೆ) ಸರ್ಟಿಫೈಡ್ ಅಂತ ಬರ್ಬೇಕು, ಬರದಿದ್ರ ಬ್ಯಾಡ. ಹಚ್ಚೋ ಮುಂದ ‘ಪ್ಲೇ ಪ್ರೊಟೆಕ್ಟ್ ಬಂದ್ ಮಾಡ್ರಿ’ ಅಂತ ಹೇಳಿದ್ರ ಅಲ್ಲೇ ನಿಲ್ಲಿಸ್ರಿ. ಒಂದು ವ್ಯಾಳ್ಯಾ ಮೈದುನ ಈಗಾಗ್ಲೇ ತಂದು ಹಚ್ಚಿದ್ರ, ರೀಸೆಟ್ ಮಾಡಿದ್ರ ಆ ಮಾಲ್‌ವೇರ್ ಹೋಗಂಗಿಲ್ಲ, ಅದು ಬಾಕ್ಸಿನ ಮೂಲ ಸಾಫ್ಟ್‌ವೇರ್‌ದಾಗೇ ಕುಂತಿರ್ತದ. ಪ್ಲಗ್ ಕಿತ್ತಿ ಇಡ್ರಿ, ಅದ್ರಾಗ ಹಾಕಿದ ಜಿಮೇಲ್ ಪಾಸ್‌ವರ್ಡ್ ಬದಲಿ ಮಾಡ್ರಿ, ವೈಫೈ ಪಾಸ್‌ವರ್ಡೂ ಬದಲಿ ಮಾಡ್ರಿ. ಮೈದುನನ ಮ್ಯಾಲ ಸಿಟ್ಟು ಮಾಡ್ಬ್ಯಾಡ್ರಿ, ಅವ್ನಿಗೂ ಯಾರೋ ಹಂಗೇ ಹೇಳಿರ್ತಾರ. ಫ್ರೀನೇ ಬೇಕಂದ್ರ ಡಿಡಿ ಫ್ರೀ ಡಿಶ್ ಅದ, ಒಮ್ಮೆ ಛತ್ರಿ, ಬಾಕ್ಸ್ ತಗೊಂಡ್ರ ತಿಂಗಳ ರೊಕ್ಕ ಇಲ್ಲ, ಅದು ಸರ್ಕಾರದ್ದು, ಅಸಲಿ ಫ್ರೀ.

ಅತ್ತಿಯವ್ರ ಚಿಂತಿಗೆ ಬರ್ತೀನಿ. ಅವ್ರು ಪೂರಾ ತಪ್ಪಿಲ್ರಿ, ಜಾಗ ಅಷ್ಟೇ ತಪ್ಪ್ಯಾರ. ಟಿವಿ ಮನ್ಯಾಗಿನ ಮಾತು ಹಗಲೂ ರಾತ್ರಿ ಕೇಳಿ ಕಳಿಸ್ತದ ಅನ್ನೋದು ಹೆದರಿಕಿ. ಹೆಚ್ಚಿನ ಟಿವಿಗಳಾಗ ಮೈಕ್ ಇರೋದು ರಿಮೋಟ್‌ದಾಗ, ಅದ್ರ ಬಟನ್ ಒತ್ತಿದಾಗಷ್ಟೇ ಕೇಳ್ತದ. ರಿಮೋಟ್ ಇಲ್ಲದೇ ಬರೇ ಕೂಗಿ ಮಾತಾಡ್ಸೋ ಮಾಡೆಲ್‌ಗಳಾಗ ಟಿವ್ಯಾಗೇ ಮೈಕ್ ಇರ್ತದ, ಅವಕ್ಕ ಹೆಚ್ಚಾಗಿ ಕೆಳಗೋ ಬಾಜೂಕೋ ಮೈಕ್ ಬಂದ್ ಮಾಡೋ ಸ್ವಿಚ್ ಇರ್ತದ, ಬಂದ್ ಮಾಡಿ ಬಿಡ್ರಿ. ಆದ್ರ ಟಿವಿ ಖರೇ ಮಾಡೋದು ಬ್ಯಾರೆ, ಅದು ಕೇಳಂಗಿಲ್ಲ, ನೋಡ್ತದ. ನೀವು ಸ್ಕ್ರೀನ್ ಮ್ಯಾಲ ಏನ್ ನೋಡ್ಲತ್ತೀರಿ ಅಂತ ಗುರ್ತು ಹಿಡಿದು ಜಾಹೀರಾತಿನ ಸಲುವಾಗಿ ಕಂಪನಿಗೆ ಕಳಿಸೋ ವ್ಯವಸ್ಥೆ ಅದ, ಎಸಿಆರ್ ಅಂತಾರ. ಅಮೆರಿಕದಾಗ ವಿಜಿಯೊ ಅನ್ನೋ ಕಂಪನಿ ಗ್ರಾಹಕರನ್ನ ಕೇಳದೇ ಇದನ್ನ ಮಾಡಿದ್ದಕ್ಕ 2017ರಾಗ 22 ಲಕ್ಷ ಡಾಲರ್ ಕಟ್ಟಿ ಕೇಸ್ ಮುಗಿಸ್ಕೊಂಡಿತು. ಎಚ್‌ಡಿಎಂಐ ಮ್ಯಾಲ ಡಿಶ್ ನೋಡಿದ್ರೂ ಇದು ಗುರ್ತು ಹಿಡಿಬಹುದು.

ಬಂದ್ ಮಾಡ್ಲಾಕ ಬರ್ತದ. ಸ್ಯಾಮ್ಸಂಗ್‌ದಾಗ ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್’, ಎಲ್‌ಜಿದಾಗ ‘ಲೈವ್ ಪ್ಲಸ್’ ಅಂತ ಸೆಟ್ಟಿಂಗ್ಸ್‌ನಾಗ ಇರ್ತದ, ಟಿಕ್ ತಗೀರಿ. ಸ್ಟಿಕ್ ಹಾಕಿದ್ರ ಇನ್ನೂ ಸಸಾರ, ಟಿವಿಯಿಂದ ವೈಫೈ ಪೂರಾ ತಗದುಬಿಡ್ರಿ, ನೆಟ್ ಸ್ಟಿಕ್ಕಿಗಷ್ಟೇ ಕೊಡ್ರಿ. ಟಿವಿಗೆ ನೆಟ್ಟೇ ಇಲ್ಲಂದ್ರ ಏನೂ ಕಳಿಸಂಗಿಲ್ಲ. ಸ್ಟಿಕ್ಕಿನ ಪ್ರೈವಸಿ ಸೆಟ್ಟಿಂಗ್ಸೂ ಒಮ್ಮೆ ನೋಡ್ರಿ, ಅದೂ ಜಾಹೀರಾತಿಗೆ ಮಾಹಿತಿ ತಗೋತದ. ಅತ್ತಿಯವ್ರ ಮುಂದೇ ಕುಂತು ಮಾಡಿ ತೋರಿಸ್ರಿ.

ಕರೆಂಟಿನ ಮಾತು. ಈಗಿನ ಟಿವಿಗಳು ಸುಮಾರು 100ರಿಂದ 240 ವೋಲ್ಟ್ ತನಾ ತಡೀತಾವ, ವೋಲ್ಟೇಜ್ ಕಮ್ಮಿ ಆದ್ರ ಅಷ್ಟೇನ್ ಹೆದರಿಕಿ ಇಲ್ಲ. ಹೆದರ್ಬೇಕಾದ್ದು ಹೆಚ್ಚಾದಾಗ. ಕಂಬದ ಮ್ಯಾಲ ನ್ಯೂಟ್ರಲ್ ಕಡಿದ್ರ 230 ಬರೋ ಕಡಿ 400ರ ತನಾ ಬರಬಹುದು, ಓಣಿ ಓಣಿ ಟಿವಿ, ಫ್ರಿಜ್ ಹೋಗೋದು ಅವಾಗ್ಲೇ. ಹೈ ಕಟ್ ಇರೋ, ಅಂದ್ರ ವೋಲ್ಟೇಜ್ ಹೆಚ್ಚಾದ್ರ ತಾನೇ ಬಂದ್ ಮಾಡೋ ಸ್ಟೆಬಿಲೈಜರ್ ಇದ್ರ ಅಲ್ಲಿ ಉಳೀತೀರಿ. ಆದ್ರ ಸ್ಟೆಬಿಲೈಜರ್ ಸಿಡ್ಲು ತಡೀತದ ಅಂತ ನಂಬ್ಕೋಬ್ಯಾಡ್ರಿ, ತಡಿಯಂಗಿಲ್ಲ. ಮುಂಗಾರಿಗಿಂತ ಮುಂಚೆ ಸಂಜೀ ಮುಂದ ಗಾಳಿ ಗುಡುಗು ಶುರು ಆದ್ರ ಸ್ವಿಚ್ ಬಂದ್ ಮಾಡಿದ್ರ ಸಾಲದು, ಪ್ಲಗ್ಗೇ ಕೀಳ್ರಿ, ಡಿಶ್ ವಯರೂ ಬಾಕ್ಸಿನಿಂದ ಬಿಚ್ರಿ, ಯಾಕಂದ್ರ ಛತ್ರಿ ಇರೋದು ಮಾಳಿಗಿ ಮ್ಯಾಲ, ಸಿಡ್ಲಿನ ಶಾಕ್ ಆ ತಾಮ್ರದ ವಯರ್ ಹಿಡಿದು ಎಚ್‌ಡಿಎಂಐ ತನಾ ಬರ್ತದ. ಎಚ್‌ಡಿಎಂಐ ಪೋರ್ಟ್ ಸುಟ್ಟು ಬರೋ ಟಿವಿಗಳಾಗ ಕಾರಣ ಭಾಳ ಸಲ ಇದೇ ಇರ್ತದ. ಫೈಬರ್ ವಯರ್ ಗಾಜಿಂದು, ಅದ್ರಾಗ ಶಾಕ್ ಬರಂಗಿಲ್ಲ, ಆದ್ರ ರೂಟರಿನ ಅಡಾಪ್ಟರ್‌ದಾಗ ಬರ್ತದ, ಅಲ್ಲಿಂದ ಲ್ಯಾನ್ ವಯರ್ ಹಿಡಿದು ಟಿವಿಗೆ. ಅದನ್ನೂ ಕೀಳ್ರಿ. ಅರ್ಥಿಂಗ್ ಸರಿ ಇಲ್ಲದ ಮನ್ಯಾಗ ಸ್ಪೈಕ್ ಗಾರ್ಡ್ ಹಾಕೋದು ಬರೇ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿದಂಗ. ಎಲೆಕ್ಟ್ರಿಷಿಯನ್ ಕರಸಿ ಅರ್ಥಿಂಗ್ ಒಮ್ಮೆ ನೋಡಿಸ್ರಿ.

ಟೆಸ್ಟ್‌ದಾಗ ಪ್ಯಾನಲ್ಲೇ ಹೋಗ್ಯದ ಅಂತ ಗೊತ್ತಾದ್ರ ಅವಾಗ ಹೊಸಾದು ತಗೋರಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ, ಹಳೇ ರೇಟ್ ಹೇಳಿದ್ರ ಯಾಕಂತ ಕೇಳ್ರಿ. ರ‍್ಯಾಮ್ 2 ಜಿಬಿ, ಸ್ಟೋರೇಜ್ 16 ಜಿಬಿ ಇರಬೇಕು, ಅದಕ್ಕಿಂತ ಕಮ್ಮಿ ಬ್ಯಾಡ. ‘4ಕೆ ಸಪೋರ್ಟೆಡ್’ ಅಂತ ಬರ್ದಿದ್ರ ಮೋಸ ಹೋಗ್ಬ್ಯಾಡ್ರಿ, ಪ್ಯಾನಲ್ ರೆಸಲ್ಯೂಷನ್ ಎಷ್ಟು ಅಂತ ಕೇಳ್ರಿ, 4ಕೆ ಅಂದ್ರ 3840 ಗುಣಿಸು 2160, ಫುಲ್ ಎಚ್‌ಡಿ ಅಂದ್ರ 1920 ಗುಣಿಸು 1080. ಸರ್ವಿಸ್ ಸೆಂಟರ್ ಕಲಬುರಗ್ಯಾಗ ಅದನಾ ಅಂತ ಕೇಳ್ರಿ, ಇಲ್ಲಂದ್ರ ಸಣ್ಣ ರಿಪೇರಿಗೂ ತಿಂಗಳುಗಟ್ಟಲೆ ಕಾಯ್ಬೇಕು.

ಕಡೀಗೆ ಎರಡು ಮಾತು, ಸ್ಟಿಕ್ ಹಾಕಿದ ದಿನಾನೇ ಉಪಯೋಗ ಆಗ್ತಾವ. ಫೋನ್ ರೀಚಾರ್ಜ್ ಜೊತಿ ಬಂದ ಓಟಿಟಿ ಟಿವ್ಯಾಗ ಬರಂಗಿಲ್ಲ ಅಂತ ಭಾಳ ಮಂದಿ ಸ್ಟಿಕ್ಕಿಗೆ ಬೈತಾರ. ಅವ್ರಾಗ ಹೆಚ್ಚಿನವ್ರದ್ದು ಮೊಬೈಲ್ ಪ್ಲಾನ್ ಇರ್ತದ, ನೆಟ್‌ಫ್ಲಿಕ್ಸಿನ 149ರದ್ದೂ ಫೋನ್, ಟ್ಯಾಬ್ಲೆಟ್‌ಗಷ್ಟೇ. ಮತ್ತ ಫೋನ್ ಹಾಟ್‌ಸ್ಪಾಟ್‌ಲೆ ಟಿವಿ ನೋಡೋದು ಬ್ಯಾಡ್ರಿ, ಎಚ್‌ಡಿಗೆ ತಾಸಿಗೆ 3 ಜಿಬಿ ತನಾ ಹೋಗ್ತದ, ದಿನದ 2 ಜಿಬಿ ನಲವತ್ತು ನಿಮಿಷಕ್ಕ ಖಾಲಿ. ಇನ್ನೊಂದು, ಆ್ಯಪ್ ಲಾಗಿನ್ ಆಗೋ ಮುಂದ ಟಿವಿ ಒಂದು ಕೋಡ್ ತೋರಿಸ್ತದ, ಅದು ಹ್ಯಾಂಗ ಹಾಕೋದು ಅಂತ ಗೂಗಲ್‌ದಾಗ ಕಸ್ಟಮರ್ ಕೇರ್ ನಂಬರ್ ಹುಡುಕಬ್ಯಾಡ್ರಿ, ಮ್ಯಾಲ ಬರೋ ನಂಬರ್‌ಗಳಾಗ ಎಷ್ಟೋ ಕಳ್ಳರವು ಇರ್ತಾವ. ‘ಆ್ಯಕ್ಟಿವೇಶನ್ ಚಾರ್ಜ್’ ಕೇಳಿದ್ರ, ಎನಿಡೆಸ್ಕ್ (ದೂರದಿಂದ ನಿಮ್ಮ ಫೋನ್ ನೋಡೋ, ನಡಸೋ ಆ್ಯಪ್) ಹಾಕ್ರಿ ಅಂದ್ರ ಅಲ್ಲೇ ಫೋನ್ ಇಟ್ಟುಬಿಡ್ರಿ, ಅಸಲಿ ಕಂಪನಿ ಕೋಡ್ ಹಾಕ್ಲಾಕ ಒಂದು ರೂಪಾಯಿನೂ ಕೇಳಂಗಿಲ್ಲ. ಟಿವಿ ತೋರಿಸೋ ಕ್ಯೂಆರ್ ಕೋಡನ್ನ ಫೋನ್ ಕ್ಯಾಮೆರಾದಾಗ ಹಿಡಿದ್ರ ಕೆಲಸ ಮುಗೀತು. ರೊಕ್ಕ ಹೋಗೇ ಬಿಟ್ರ ತಡ ಮಾಡ್ದೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ.

ಡಿಶ್ ಬಾಕ್ಸ್ ಟೆಸ್ಟ್ ಆದ ಮ್ಯಾಲ ಟಿವಿ ಬೆನ್ನಿನ ಸ್ಟಿಕರ್‌ದಾಗಿನ ಮಾಡೆಲ್ ನಂಬರ್, ಸ್ಟೋರೇಜ್ ಎಷ್ಟು ಉಳಿದದ, ಟಿವಿ ಮುಂದ ನಿಂತಾಗ ಸ್ಪೀಡ್ ಎಷ್ಟು ಬಂತು, ಈ ಮೂರು ಬರ್ದು ಕಳಿಸ್ರಿ ಅಕ್ಕಾರ, ಯಾವ ಸ್ಟಿಕ್ ತಗೋಬೇಕಂತ ಅವಾಗ ಹೆಸರು ಹಿಡಿದೇ ಹೇಳ್ತೀನಿ.